ಬೆನ್ನ ಹಿಂದಿನ ಕೈ

ಗಾರ್ಗಿ ಅವನ ಮುಖವನ್ನು ಮೊದಲ ಸಲ ನೋಡಿದ್ದು ತಲೆಕೆಳಗಾಗಿ.

ತಲೆಕೆಳಗಾಗಿದ್ದವಳು ಅವಳೇ. ಪರದೇಶದ ಹೇವರ್ಡ್ ಎಂಬ ಊರಿನ ಗೋದಾಮುಗಳ ಸಾಲಿನಲ್ಲಿದ್ದ ಜಿಮ್ನಾಸ್ಟಿಕ್ಸ್ ಶಾಲೆಯಲ್ಲಿ, ಸೂರಿನಿಂದ ಇಳಿಬಿಟ್ಟ ಎರಡು ಮರದ ರಿಂಗುಗಳಿಗೆ ಜೋತುಬಿದ್ದು, ಮಂಡಿಗಳನ್ನು ಎದೆಗೆ ಒತ್ತಿಕೊಂಡು, ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ ಬಾವಲಿಯಂತೆ ನೇತಾಡುತ್ತಿದ್ದಳು. ಬೆವರಿಗೆ ಬೆರಳು ಜಾರಿತು.

"ಅಯ್ಯೋ ಅಮ್ಮಾ..."

"ಬುಡಬೇಡಿ, ಬುಡಬೇಡಿ. ನಾನ್ ಹಿಡ್ಕಂಡಿದೀನಿ."

ಕನ್ನಡ! ಅದೂ ಮಂಡ್ಯದ ಕನ್ನಡ. ಬೆನ್ನ ಕೆಳಗೊಂದು ಅಗಲವಾದ ಅಂಗೈ ಬಂದು ನಿಂತಿತು, ಜೊತೆಗೇ ತಲೆಕೆಳಗಾದ ಮುಖವೊಂದು ಕಂಡಿತು. ಅವಳು ಮೆಲ್ಲನೆ ಇಳಿದು ಚಾಪೆಯ ಮೇಲೆ ಕೂತಳು. ಎದುರಿಗೆ ಕೈ ಜಾರದಿರಲೆಂದು ಹಚ್ಚುವ ಚಾಕ್ ಪುಡಿಯನ್ನು ಗಡ್ಡಕ್ಕೆಲ್ಲ ಮೆತ್ತಿಕೊಂಡಿದ್ದ ಗಂಡಸೊಬ್ಬ ನಗುತ್ತಿದ್ದ.

"ನಾಗಾರ್ಜುನ. ಶನಿವಾರ ಕೋಚಿಗೆ ಹೆಲ್ಪು ಮಾಡ್ತೀನಿ. ಹೊಸಬರನ್ನ ಹಿಡ್ಕೊಳ್ಳೋದು ನನ್ನ ಕೆಲಸ."

"ಇನ್ಮೇಲೆ ಹೇಳದೆ ಮುಟ್ಟಬೇಡಿ," ಎಂದಳು ಗಾರ್ಗಿ.

ಅವನ ನಗು ಅಲ್ಲೇ ನಿಂತಿತು. "ಹೇಳ್ತಾ ಕೂತಿದ್ರೆ ನೀವು ಬಿದ್ದಿರ್ತಿದ್ರಿ."

"ಬೀಳ್ತಿದ್ದೆ. ಬಿದ್ದು ಅಭ್ಯಾಸ ಇದೆ ನನಗೆ."

ಕಾಪಾಡಿದವನೊಂದಿಗೆ ಯಾರಾದರೂ ಹೀಗೆ ಮಾತಾಡುತ್ತಾರೆಯೇ? ಗಾರ್ಗಿ ಮಾತಾಡುತ್ತಿದ್ದಳು. ಅವಳಿಗೆ ಆ ಹಕ್ಕು ಹೇಗೆ ಬಂತೆಂಬುದನ್ನು ಹೇಳಿಬಿಡುತ್ತೇನೆ.

ಅವಳು ಈ ದೇಶಕ್ಕೆ ಬಂದದ್ದು ಸಾಗರ್‌ನ ಹೆಂಡತಿಯಾಗಿ. ಮೌಂಟನ್ ವ್ಯೂನಲ್ಲಿ ಅಪಾರ್ಟ್‌ಮೆಂಟು, ಬಾಗಿಲಿಗೆ ತೋರಣ, ಅಡುಗೆಮನೆಯಲ್ಲಿ ಬೆಂಗಳೂರಿನಿಂದ ತಂದ ಇಡ್ಲಿ ಪಾತ್ರೆ. ಗಂಡ ತಡವಾಗಿ ಬಂದಾಗಲೆಲ್ಲ "ಮೀಟಿಂಗು" ಎನ್ನುತ್ತಿದ್ದ. ಇವಳು ನಂಬುತ್ತಿದ್ದಳು. "ನಮ್ಮಿಬ್ಬರ ಮಧ್ಯೆ ಎಲ್ಲ ಸರಿಯಿದೆಯಾ?" ಎಂದರೆ "ಎಲ್ಲ ಚೆನ್ನಾಗಿದೆ" ಎನ್ನುತ್ತಿದ್ದ. ಅದನ್ನೂ ನಂಬಿದಳು. ಅವನ ಬದುಕಿನಲ್ಲಿ ಇನ್ನೊಬ್ಬಳಿದ್ದದ್ದು ಆಫೀಸಿಗೆಲ್ಲ ಗೊತ್ತಿತ್ತು, ಕನ್ನಡದ ಗೆಳೆಯರಿಗೆಲ್ಲ ಗೊತ್ತಿತ್ತು. ಕಡೆಗೆ ಗೊತ್ತಾದದ್ದು ಇವಳಿಗೆ.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಅವಳ ಅಪ್ಪ ಶೇಷಾದ್ರಿಗಳಿಗೂ ಒಂದು ವರ್ಷದಿಂದ ಗೊತ್ತಿತ್ತು. ಹೆತ್ತ ಅಪ್ಪ! ವಾರವಾರವೂ ವಿಡಿಯೋ ಕಾಲ್ ಮಾಡಿ "ಅಳಿಯಂದಿರು ಹೇಗಿದ್ದಾರಮ್ಮ?" ಎಂದು ಕೇಳುತ್ತಿದ್ದರು, ಏನೂ ಅರಿಯದವರಂತೆ.

ಆ ದಿನದಿಂದ ಗಾರ್ಗಿಗೆ ಯಾರ ಮಾತೂ ಮಾತಾಗಿ ಕೇಳಿಸುತ್ತಿರಲಿಲ್ಲ. ಆಫೀಸಿನಲ್ಲಿ ಮ್ಯಾನೇಜರು ಹೊಗಳಿದರೆ ಇದರ ಹಿಂದೆ ಏನಿದೆ ಎಂದು ಹುಡುಕುವಳು. ಗೆಳತಿ ಊಟಕ್ಕೆ ಕರೆದರೆ ಕನಿಕರವಿರಬೇಕು ಎಂದುಕೊಳ್ಳುವಳು. ಯಾರೂ ಸುಳ್ಳು ಹೇಳಿ ತನಗೆ ಕೊಡಲಾಗದ ಒಂದೇ ಒಂದು ವಸ್ತು ಅವಳಿಗೆ ಬೇಕಾಗಿತ್ತು. ಅದಕ್ಕೇ ರಿಂಗು ಹಿಡಿದಳು. ಮೈಗೆ ಬಂದರೆ ಬಂತು, ಬರದಿದ್ದರೆ ಇಲ್ಲ... ಮೈ ಸುಳ್ಳು ಹೇಳುವುದಿಲ್ಲವಲ್ಲ!

ಅವಳು ಕಲಿಯಲು ಹೊರಟದ್ದು ಹಿಂದಕ್ಕೆ ಉರುಳುವುದನ್ನು. ಮಣಿಕಟ್ಟನ್ನು ರಿಂಗಿನ ಮೇಲೆ ಕೂರಿಸಿ ಜೋತುಬೀಳಬೇಕು. ಮಂಡಿ ಮಡಚಿ ತಲೆಕೆಳಗಾಗಿ, ಸೊಂಟವನ್ನು ರಿಂಗುಗಳ ಮಟ್ಟಕ್ಕೆ ತರಬೇಕು. ಆಮೇಲೆ ತಲೆಯನ್ನು ಹಿಂದಕ್ಕೆ ಚೆಲ್ಲಿ, ಅದೇ ಗಳಿಗೆಯಲ್ಲಿ ಎರಡೂ ರಿಂಗುಗಳನ್ನು ಸೊಂಟಕ್ಕೆ ಎಳೆದುಕೊಂಡು ಉರುಳಿದರೆ, ಕೈಗಳ ಮೇಲೆ ದೇಹವಿಡೀ ಎದ್ದು ನಿಲ್ಲುತ್ತದೆ. ಹೇಳಲು ಸುಲಭ. ತಲೆ ಚೆಲ್ಲಿದ ಮೇಲೆ ಎತ್ತ ಹೋಗುತ್ತಿದ್ದೇವೆಂದು ಕಾಣುವುದೇ ಇಲ್ಲ. ಎಳೆತ ಚೂರು ತಡವಾದರೂ ತೋಳು ಬಿಚ್ಚಿಕೊಂಡು ಕೆಳಗೆ ಬೀಳುವುದೇ.

ಕೋಚ್ ಮರಿಸೋಲ್ ಒಳ್ಳೆಯ ಹೆಂಗಸು, ಆದರೆ ಎಲ್ಲದಕ್ಕೂ "ಗುಡ್ ಜಾಬ್" ಎನ್ನುವಳು. ಈ ದೇಶದಲ್ಲಿ ಸೀನಿದರೂ ಗುಡ್ ಜಾಬೇ.

ನಾಗಾರ್ಜುನ ಹಾಗಲ್ಲ. "ಮೊಣಕೈ ಹೊರಗೋಯ್ತು" ಎನ್ನುವನು. "ತಲೆ ಬಿಡೋಕೆ ಹೆದರಿದ್ರಿ" ಎನ್ನುವನು. ಬೆನ್ನಿಗೆ ಕೈ ಕೊಡುವ ಮುಂಚೆ ಪ್ರತಿಸಲವೂ "ಹಿಡೀತಿದೀನಿ" ಎನ್ನುವನು. ಮೊದಲ ದಿನ ಅವಳು ಹಾಕಿದ ಷರತ್ತನ್ನು ಒಮ್ಮೆಯೂ ಮೀರಲಿಲ್ಲ.

ತಿಂಗಳುಗಳು ಕಳೆದವು. ಕ್ಲಾಸು ಮುಗಿದ ಮೇಲೆ ಇಬ್ಬರೂ ಪಾರ್ಕಿಂಗಿನ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯತೊಡಗಿದರು. ಬೆರ್ರಿಯೆಸಾ ಬಡಾವಣೆಯಲ್ಲಿ ತನ್ನ ಮನೆ, ಊರಲ್ಲಿ ಅವ್ವ ಜವರಮ್ಮ, ಕಾಲೇಜಿನಲ್ಲಿ ರಿಂಗಿನಿಂದ ಬಿದ್ದು ಮುರಿದುಕೊಂಡ ಭುಜ, ಎಲ್ಲವನ್ನೂ ಅವನು ಹೇಳಿದ. ಸಾಗರ್‌ನ ಕಥೆಯನ್ನು, ಅಪ್ಪನ ಕಥೆಯನ್ನು ಅವಳೂ ಹೇಳಿದಳು.

'ಇವನನ್ನು ನಂಬುತ್ತಿದ್ದೇನಾ?' ಒಂದು ದಿನ ಫ್ರೀವೇಯಲ್ಲಿ ಕಾರು ಓಡಿಸುತ್ತಾ ತನ್ನನ್ನೇ ಕೇಳಿಕೊಂಡಳು. ಹೆದರಿಕೆಯಾಯಿತು. ಆದರೂ ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಅದು ನಗುತ್ತಿತ್ತು.

ಆ ಶಾಲೆಯಲ್ಲೊಂದು ಪದ್ಧತಿಯಿತ್ತು. ಯಾರ ಕೈಯೂ ಸೋಕದೆ ಮೊದಲ ಸಲ ಉರುಳಿ ಎದ್ದವರು ಗೋಡೆಯ ಕಪ್ಪು ಹಲಗೆಯ ಮೇಲೆ ಚಾಕ್ ಮೆತ್ತಿದ ಬೆರಳಿನಿಂದ ತಮ್ಮ ಹೆಸರು ಬರೆಯಬೇಕು. ಬೆರಳು ತಾಗಿದರೂ ಲೆಕ್ಕಕ್ಕಿಲ್ಲ. ತಾಗಿತೋ ಇಲ್ಲವೋ ಎಂದು ಹೇಳಬೇಕಾದವನು ಹಿಡಿಯುವವನು. ಅವನ ಮಾತೇ ಕೊನೆಯ ಮಾತು. ಏಕೆಂದರೆ ಉರುಳುವವರಿಗೆ ತಲೆಗೆ ರಕ್ತ ನುಗ್ಗಿ, ಉಸಿರು ಕಟ್ಟಿ, ಏನು ತಾಗಿತೆಂದು ತಿಳಿಯುವುದೇ ಇಲ್ಲ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರಲ್ಲ, ಹಾಗೆ.

ಆ ಶನಿವಾರ ಗಾರ್ಗಿ ಪಾರ್ಕಿಂಗಿನಲ್ಲೇ ಕೂತು ಲಾಯರಿನ ಇಮೇಲ್ ಓದಿದಳು. ಡಿವೋರ್ಸು ಮುಗಿದಿತ್ತು. ನಾಲ್ಕು ಸಾಲಿನ ಇಂಗ್ಲಿಷಿನಲ್ಲಿ ಮದುವೆ ಮಣ್ಣಾಗಿತ್ತು. ಕಣ್ಣೊರೆಸಿಕೊಂಡು ಒಳಗೆ ಬಂದಳು.

"ಇವತ್ತು ನನ್ನ ಹಿಡೀಬೇಡಿ," ಎಂದಳು. "ಪಕ್ಕದಲ್ಲಿ ನಿಂತಿರಿ ಅಷ್ಟೆ. ಇವತ್ತು ನಾನೇ ಮಾಡ್ಬೇಕು."

ಅವನು ಅವಳ ಊದಿದ ಕಣ್ಣುಗಳನ್ನೇ ನೋಡಿದ. "ಆಯ್ತು," ಎಂದ.

ಫೋನನ್ನು ಬ್ಯಾಗಿಗೆ ಒರಗಿಸಿ ವಿಡಿಯೋ ಹಾಕಿದಳು. ಜೋತುಬಿದ್ದಳು, ಮಡಚಿಕೊಂಡಳು, ತಲೆ ಚೆಲ್ಲಿದಳು... ಲೋಕವೆಲ್ಲ ತಿರುಗಿತು. ಕಣ್ಣು ತೆರೆದರೆ ರಿಂಗುಗಳು ಸೊಂಟದ ಬಳಿ, ತೋಳುಗಳು ನೇರ, ತಾನು ಎಲ್ಲರಿಗಿಂತ ಎತ್ತರದಲ್ಲಿ!

"ತಾಗಿತಾ?" ಏದುಸಿರಿನಲ್ಲೇ ಕೇಳಿದಳು.

"ಇಲ್ಲ," ಎಂದ ನಾಗಾರ್ಜುನ. "ನೀವೇ ಮಾಡಿದ್ರಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಗಾರ್ಗಿ ಕನ್ನಡದಲ್ಲೇ ಹೆಸರು ಬರೆದಳು. ಆ ಸಂಜೆ ಮನೆಗೆ ಹೋಗಿ ಒಬ್ಬಳೇ ಪಾಯಸ ಮಾಡಿಕೊಂಡು ತಿಂದಳು. ಅವಳ ಬದುಕಿನಲ್ಲಿ ಯಾರೂ ಕೈಹಾಕದ ಒಂದು ನಿಜ ಇತ್ತು ಈಗ.

ವಿಡಿಯೋವನ್ನು ತನ್ನ ಅಮ್ಮ ರಮಾಗೆ ಕಳಿಸಿದ್ದಳು. ಮರುದಿನ ಅಮ್ಮನ ಫೋನು ಬಂತು.

"ತುಂಬ ಚೆನ್ನಾಗಿದೆ ಕಣೇ. ಬಿದ್ದುಬಿಡ್ತೀಯೇನೋ ಅಂತ ಜೀವ ಹೋಯ್ತು ನನಗೆ. ಸದ್ಯ, ಆ ಹುಡುಗ ಎಷ್ಟು ಜೋಪಾನವಾಗಿ ಹಿಡ್ಕೊಂಡಿದಾನೆ ನಿನ್ನ. ಯಾರೇ ಅವನು?"

"ಹಿಡ್ಕೊಂಡಿಲ್ಲಮ್ಮ. ಪಕ್ಕದಲ್ಲಿ ನಿಂತಿದ್ರು ಅಷ್ಟೆ."

"ನನಗೆ ಕಣ್ಣು ಕಾಣಲ್ವಾ? ಸೊಂಟಕ್ಕೆ ಕೈ ಕೊಟ್ಟು ಎತ್ತಿದಾನೆ ನೋಡು."

ಗಾರ್ಗಿ ನೋಡಿದಳು. ನಿನ್ನೆಯಿಂದ ಎಷ್ಟೋ ಸಲ ನೋಡಿದಾಗಲೂ ಅವಳು ನೋಡಿದ್ದು ತನ್ನ ಮುಖವನ್ನು ಮಾತ್ರ. ಈಗ ನಿಧಾನವಾಗಿ ಓಡಿಸಿದಳು. ತಲೆ ಹಿಂದಕ್ಕೆ ಹೋದೊಡನೆ ಅವನ ಕೈ ಬರುತ್ತದೆ. ಸೊಂಟದ ಕೆಳಗೆ ಸೇರುತ್ತದೆ. ಎತ್ತುತ್ತದೆ. ಸದ್ದಿಲ್ಲದೆ ಹಿಂದೆ ಸರಿಯುತ್ತದೆ.

ಪಾತ್ರೆಯಲ್ಲಿ ಉಳಿದಿದ್ದ ಪಾಯಸವನ್ನೆಲ್ಲ ಸಿಂಕಿಗೆ ಸುರಿದಳು.

ಮುಂದಿನ ಶನಿವಾರ ಅವಳು ಬಟ್ಟೆ ಕೂಡ ಬದಲಾಯಿಸಲಿಲ್ಲ. ನೇರವಾಗಿ ಹಲಗೆಯ ಬಳಿ ಹೋಗಿ, ಒದ್ದೆ ಕರವಸ್ತ್ರದಿಂದ ತನ್ನ ಹೆಸರನ್ನು ಒರೆಸಿಹಾಕಿದಳು. ನಾಗಾರ್ಜುನ ಓಡಿ ಬಂದ.

"ಗಾರ್ಗಿ, ಏನಿದು?"

"ಯಾಕೆ ಸುಳ್ಳು ಹೇಳಿದ್ರಿ?"

ಅವನು ತಲೆ ತಗ್ಗಿಸಿದ. "ಅವತ್ತು ನೀವು ಅತ್ಕೊಂಡು ಬಂದಿದ್ರಿ. ಎಳೆತ ತಡ ಆಯ್ತು, ಬೀಳ್ತಿದ್ರಿ. ಕೈ ತಾನಾಗೇ ಬಂತು. ಆಮೇಲೆ ನಿಮ್ಮ ಮುಖ ನೋಡಿದೆ... ಅಷ್ಟು ಖುಷಿ. ತಾಗ್ತು ಅನ್ನೋಕೆ ಬಾಯಿ ಬರಲಿಲ್ಲ."

"ಕೈ ಕೊಟ್ಟಿದ್ದಕ್ಕೆ ಕೋಪ ಇಲ್ಲ ನನಗೆ. ಕೇಳಿದೆ ನಾನು. ತಾಗಿತಾ ಅಂತ ಬಾಯ್ಬಿಟ್ಟು ಕೇಳಿದೆ. ಸಾಗರ್‌ನನ್ನೂ ಹೀಗೇ ಕೇಳ್ತಿದ್ದೆ. ಅಪ್ಪನೂ ಮುಚ್ಚಿಟ್ರು. ಎಲ್ಲ ಗೊತ್ತಿದ್ದೂ ನೀವೂ ಅದನ್ನೇ ಮಾಡಿದ್ರಿ."

"ನಿಮಗೆ ನೋವಾಗ್ಬಾರ್ದು ಅಂತ..."

"ನನ್ನ ನೋವು ನನ್ನದು ನಾಗಾರ್ಜುನ. ಅಳೋಕೆ ಬಿಡಬೇಕಿತ್ತು ನನ್ನ."

ಅವನ ಕಣ್ಣು ತುಂಬಿದ್ದನ್ನು ಅವಳು ಕಂಡಳು. ಕಂಡೂ ಹೊರಟುಹೋದಳು.

ಆಮೇಲಿನ ವಾರಗಳು ಬೇವಿನಂತಿದ್ದವು. ಅಂಗೈಯ ಜಡ್ಡುಗಳು ಮೆತ್ತಗಾಗುತ್ತ ಬಂದವು. ಶನಿವಾರ ಬಂದರೆ ಬೇಕೆಂದೇ ಗ್ರೋಸರಿಗೆ ಹೋಗುವಳು, ಬೇಡದ ತರಕಾರಿಯನ್ನೆಲ್ಲ ತರುವಳು. ಸಾಗರ್ ಹೋದಾಗ ಸಿಟ್ಟು ಬಂದಿತ್ತು. ಈಗ ಸಿಟ್ಟೂ ಇರಲಿಲ್ಲ, ಬರೀ ಸಂಕಟವಿತ್ತು. 'ಇಷ್ಟೊಂದು ನೋಯುತ್ತಿದೆಯೆಂದರೆ...' ಎಂದು ಶುರುವಾದ ಯೋಚನೆಯನ್ನು ಅವಳು ಮುಗಿಯಲು ಬಿಡುತ್ತಿರಲಿಲ್ಲ.

ನಾಗಾರ್ಜುನನಿಂದ ಒಂದೇ ಮೆಸೇಜು ಬಂದಿತ್ತು. "ಸುಳ್ಳು ಹೇಳಿದ್ದು ತಪ್ಪು. ನಿಮಗೋಸ್ಕರ ಹೇಳಿದೆ ಅಂದ್ಕೊಂಡಿದ್ದೆ. ಅಲ್ಲ. ನೀವು ಅಳೋದನ್ನ ನೋಡೋಕೆ ನನಗೇ ಧೈರ್ಯ ಇರಲಿಲ್ಲ."

ಒಂದು ಭಾನುವಾರ ಅಪ್ಪ ಫೋನು ಮಾಡಿದರು. ಅದೂ ಇದೂ ಮಾತಾಡಿದ ಮೇಲೆ ಗಾರ್ಗಿ ಇದ್ದಕ್ಕಿದ್ದಂತೆ ಕೇಳಿದಳು.

"ಅಪ್ಪ, ಸಾಗರ್ ವಿಷಯ ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಮತ್ತೆ ಅದೇ ಮಾತೇನಮ್ಮ? ನಿನ್ನ ಒಳ್ಳೇದಕ್ಕೇ ಅಲ್ವಾ? ಸಂಸಾರ ಉಳೀಲಿ ಅಂತ."

"ತಪ್ಪಾಯ್ತು ಅಂತ ಒಂದ್ಸಲನಾದ್ರೂ ಅನ್ನಿಸಿದೆಯಾ ನಿಮಗೆ?"

"ಹೆತ್ತವರು ಮಾಡೋದ್ರಲ್ಲಿ ತಪ್ಪು ಎಲ್ಲಿಂದ ಬರುತ್ತೆ? ಊಟ ಆಯ್ತಾ?"

ಅವಳು ಫೋನಿಟ್ಟಳು. ಅಪ್ಪನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಇತ್ತು, ಅದಕ್ಕೇ ನೋವು ಹೆಚ್ಚಾಗಿತ್ತು. ಆಮೇಲೆ ನಾಗಾರ್ಜುನನ ಹಳೆಯ ಮೆಸೇಜನ್ನು ತೆಗೆದು ಇನ್ನೊಮ್ಮೆ ಓದಿದಳು. ನಿನ್ನ ಒಳ್ಳೆಯದಕ್ಕೆ ಎಂದು ಅವನು ಬರೆದಿರಲಿಲ್ಲ. ತನಗೆ ಧೈರ್ಯವಿರಲಿಲ್ಲವೆಂದು ಬರೆದಿದ್ದ. ಸುಳ್ಳು ಹೇಳಿದವರಲ್ಲಿ ಅವಳಿಗೆ ನಿಜ ಹೇಳಿದವನು ಅವನೊಬ್ಬನೇ.

ಶನಿವಾರ ಅವಳನ್ನು ಬಾಗಿಲಲ್ಲಿ ಕಂಡು ನಾಗಾರ್ಜುನನ ಕೈಯಲ್ಲಿದ್ದ ಚಾಕಿನ ಡಬ್ಬಿ ಕೆಳಗೆ ಬಿತ್ತು. ಗಾರ್ಗಿ ನಗಲಿಲ್ಲ.

"ಒಂದ್ಸಲ ಮಾಡ್ತೀನಿ. ನೀವು ಹತ್ರ ಬರಬಾರದು. ಆ ಗೋಡೆ ಹತ್ರ ನಿಂತ್ಕೊಳ್ಳಿ, ಕೈ ಕಟ್ಟಿಕೊಂಡು."

"ವಾರಗಟ್ಟಲೆ ಬಿಟ್ಟಿದ್ದೀರಿ. ಬೀಳ್ತೀರಿ."

"ಚಾಪೆ ಇದೆ. ನಿಂತ್ಕೊಳ್ಳಿ."

ಅವನು ಹೋಗಿ ನಿಂತ. ಗಾರ್ಗಿ ಜೋತುಬಿದ್ದಳು. ಮಂಡಿ ಮಡಚಿದಳು, ಸೊಂಟ ಮೇಲೆ ಬಂತು. ಈಗ ಬೆನ್ನ ಹಿಂದೆ ಬರೀ ಗಾಳಿ. ಹೆದರಿಕೆ ಎದೆಗೆ ಒದ್ದಂತೆ ಬಂತು... ಆದರೂ ತಲೆ ಚೆಲ್ಲಿದಳು, ಎಳೆದಳು. ಅರ್ಧ ಉರುಳಿತು, ಮಣಿಕಟ್ಟು ನಡುಗಿತು, ಮೊಣಕೈ ಬಿಚ್ಚಿಕೊಂಡಿತು. ದೊಪ್ಪೆಂದು ಚಾಪೆಯ ಮೇಲೆ ಬಿದ್ದಳು.

"ಗುಡ್ ಜಾಬ್! ಆಲ್ಮೋಸ್ಟ್!" ಎಂದು ಆ ಕಡೆಯಿಂದ ಮರಿಸೋಲ್ ಕೂಗಿದಳು.

ನಾಗಾರ್ಜುನ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟ. ಕಟ್ಟಿದ ಕೈ ಬಿಚ್ಚಲಿಲ್ಲ. ಬೆರಳುಗಳು ಅವನ ತೋಳನ್ನೇ ಒತ್ತಿ ಹಿಡಿದಿದ್ದವು.

ಗಾರ್ಗಿ ಬಿದ್ದಲ್ಲಿಂದಲೇ ಅವನನ್ನು ನೋಡಿದಳು. "ಆಯ್ತಾ?"

ಹೌದೆನ್ನಲು ಅವನಿಗೆ ಎಷ್ಟು ಆಸೆಯಿತ್ತೆಂದು ಮುಖವೇ ಹೇಳುತ್ತಿತ್ತು.

"ಇಲ್ಲ," ಎಂದ. "ಎಳೆದಿದ್ದು ತಡ ಆಯ್ತು. ಇನ್ನೂ ಬಹಳ ದೂರ ಇದೆ. ಆಗಲಿಲ್ಲ ಗಾರ್ಗಿ."

ಅವಳು ಅತ್ತಳು. ಚಾಪೆಯ ಮೇಲೆ ಕೂತು, ಚಾಕ್ ಕೈಗಳಿಂದ ಮುಖ ಮುಚ್ಚಿಕೊಂಡು, ಡಿವೋರ್ಸಿನ ದಿನ ಅಳದೆ ಉಳಿದದ್ದನ್ನೆಲ್ಲ ಅತ್ತಳು. ಅವನು ಸಮಾಧಾನ ಹೇಳಲಿಲ್ಲ. ಬಂದು ಸ್ವಲ್ಪ ದೂರದಲ್ಲಿ ಕೂತು, ಅವಳು ಅಳುವುದನ್ನು ನೋಡಿದ.

"ಇನ್ನೊಂದು ಕೇಳ್ತೀನಿ," ಎಂದಳು ಕಡೆಗೆ. "ನನ್ನ ಇಷ್ಟಪಡ್ತೀರಾ?"

"ಹೂಂ."

"ಯಾವತ್ತಿಂದ?"

"ಮೊದಲ ದಿನದಿಂದ ಅಂದ್ರೆ ಕೇಳೋಕೆ ಚೆನ್ನಾಗಿರುತ್ತೆ. ಆದ್ರೆ ಅವತ್ತು ನಿಮಗೆ ದುರಹಂಕಾರ ಇದೆ ಅನ್ನಿಸಿತ್ತು. ಆಮೇಲೆ ಯಾವಾಗಲೋ ಆಯ್ತು, ಗೊತ್ತಾಗಲಿಲ್ಲ."

ಅಳುವಿನ ಮಧ್ಯೆ ಅವಳಿಗೆ ನಗು ಬಂತು. ಬಂದದ್ದು ಹಾಗೇ ಹೋಯಿತು.

"ನನಗೂ ಇಷ್ಟ. ಆದ್ರೆ ನಂಬಿಕೆ ಇನ್ನೂ ವಾಪಸ್ ಬಂದಿಲ್ಲ."

"ಗೊತ್ತು."

"ಬರದೇ ಹೋದ್ರೆ?"

"ನೋವಾಗುತ್ತೆ," ಎಂದ ಅವನು. "ಪರವಾಗಿಲ್ಲ ಅನ್ನಲ್ಲ. ತುಂಬಾ ನೋವಾಗುತ್ತೆ."

ಗಾರ್ಗಿ ಮೂಗೊರೆಸಿಕೊಂಡು ಎದ್ದಳು. ರಿಂಗುಗಳ ಕೆಳಗೆ ಹೋಗಿ ನಿಂತು, ತಿರುಗಿ ನೋಡದೆ ಕರೆದಳು.

"ಬಾ. ಹಿಡ್ಕೋ."

ಮೊದಲ ಸಲ ಅವಳು ಅವನನ್ನು ನೀನು ಎಂದಿದ್ದಳು. ಅವನು ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತ.

"ಆದ್ರೆ ಹಿಡ್ಕೊಂಡಿದ್ರೆ ಹಿಡ್ಕೊಂಡಿದ್ದೀನಿ ಅಂತ ಹೇಳು. ಬಿಟ್ರೆ ಬಿಟ್ಟೆ ಅಂತ ಹೇಳು. ಬೀಳೋದನ್ನ ನಾನು ನೋಡ್ಕೋತೀನಿ."

"ಹಿಡ್ಕೊಂಡಿದ್ದೀನಿ, ಗಾರ್ಗಿ," ಎಂದ ನಾಗಾರ್ಜುನ.

ಅವಳು ತಲೆಯನ್ನು ಹಿಂದಕ್ಕೆ ಚೆಲ್ಲಿದಳು.