ಬಾಯಿ ಕಟ್ಟಿದ ಮಡಕೆ

"ಆ ಮಡಕೆ ಎದುರಿಗೆ ಕೂತು ಏನೂ ಬಾಯಿಬಿಡಬೇಡಿ," ಎಂದಳು ಹೆಂಡತಿ.

ವಕೀಲರ ಕಚೇರಿಯ ಮೇಜಿನ ಕೆಳಗೆ, ಮಸಿ ಬಳಿದ ಪುಟ್ಟ ಮಡಕೆಯೊಂದು ಬಾಯಿ ತೆರೆದು ಕೂತಿತ್ತು. ಸುಟ್ಟ ಕೂದಲಿನ ವಾಸನೆ.

"ನಮ್ಮ ಸೋದರತ್ತೆ ಹೇಳ್ತಿದ್ರು. ಅದರ ಮುಂದೆ ಆಡಿದ ಗುಟ್ಟೆಲ್ಲ ಅದರ ಹೊಟ್ಟೆ ಸೇರುತ್ತಂತೆ. ಆಮೇಲೆ ಅದರ ಬಾಯಿ ಕಟ್ಟಿದ್ರೆ ನಿಮ್ಮ ಬಾಯಿ ಬಿಚ್ಚಿಕೊಳ್ಳುತ್ತೆ. ಒಡೆದ್ರೆ ಜನ್ಮಕ್ಕೂ ಮಾತು ಹೊರಡಲ್ಲ."

ವಕೀಲರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಡಕೆ ಸಾಕ್ಷಿ ಹೇಳುತ್ತಾ? ಬರಲಿ ಬಿಡೇ, ಪಾಟೀಸವಾಲು ನಾನೇ ಹಾಕ್ತೀನಿ! ಜೂನಿಯರ್ ಗಿಡ ನೆಡೋಕೆ ತಂದಿರ್ತಾನೆ."

ಅವರು ಮೊದಲ ಸಲ ಚುನಾವಣೆಗೆ ನಿಲ್ಲುವವರಿದ್ದರು. ಮನೆತನ, ಮರ್ಯಾದೆ, ಹಿರಿಯರ ಮಾತು: ಇವಿಷ್ಟೇ ಅವರ ಬಂಡವಾಳ. ಪಕ್ಷದ ಸಭೆಯಲ್ಲಿ ಒಂದು ಭಾಷಣ ಮಾಡಿ ಮುಗಿಸಿದರೆ ಅಭ್ಯರ್ಥಿ ಅವರೇ.

ಹೆಂಡತಿ ಮನೆಯೊಳಗೆ ಹೋದಮೇಲೆ ಜೂನಿಯರ್ ಬಂದು ಬಾಗಿಲು ಹಾಕಿದ. ಕೋಟು ತೊಡುವುದರಿಂದ ಹಿಡಿದು ವಾದ ಮಾಡುವವರೆಗೆ ಅವರೇ ತಿದ್ದಿ ಬೆಳೆಸಿದ ಹುಡುಗ.

"ಸರ್, ಎದುರಾಳಿಗಳು ಕೆದಕೇ ಕೆದಕ್ತಾರೆ. ನಿಮ್ಮ ಹುಳುಕೆಲ್ಲ ಮೊದಲೇ ನನಗೆ ಗೊತ್ತಿದ್ರೆ ಉತ್ತರ ರೆಡಿ ಮಾಡ್ಕೋಬಹುದು. ಕಕ್ಷಿದಾರ ವಕೀಲನಿಂದ ಏನೂ ಮುಚ್ಚಿಡಬಾರದು ಅಂತ ನೀವೇ ಅಲ್ವಾ ಕಲಿಸಿದ್ದು?"

ಶಿಷ್ಯ ತಮ್ಮ ಪಾಠವನ್ನೇ ಒಪ್ಪಿಸಿದ್ದಕ್ಕೆ ವಕೀಲರು ಉಬ್ಬಿಹೋದರು. ಹೇಳಿದರು. ಎಲ್ಲವನ್ನೂ ಹೇಳಿದರು. ಮೇಜಿನ ಕೆಳಗೆ ಆಗಾಗ ಯಾರೋ ನೀರು ನುಂಗಿದ ಹಾಗೆ ಗುಟುಕ್ ಎನ್ನುತ್ತಿತ್ತು. ನಲ್ಲಿ ಸೋರುತ್ತಿರಬೇಕು ಅಂದುಕೊಂಡರು.

ಸಭೆಯ ದಿನ ಮಟಮಟ ಮಧ್ಯಾಹ್ನ. ಕಿಕ್ಕಿರಿದ ಸಭಾಂಗಣ, ಬೆವರಿನ ಕಮಟು. ಹಿರಿಯ ಮುಖಂಡರು ಮುಂದಿನ ಸಾಲಿನಲ್ಲಿದ್ದರು. ವಕೀಲರು ಮೈಕು ಹಿಡಿದು, "ಮನೆ ಉಳಿದರೆ ನಾಡು ಉಳಿದೀತು," ಎಂದರು. ಚಪ್ಪಾಳೆ.

ಆಗ ಅದೇ ವಾಸನೆ. ಸುಟ್ಟ ಕೂದಲು. ಈ ಸಲ ತಮ್ಮ ಗಂಟಲಿನೊಳಗಿಂದಲೇ.

"ಸುಳ್ಳು ಸಾಕ್ಷಿಗಳಿಗೆ ಪಾಠ ಹೇಳಿಕೊಟ್ಟವನು ನಾನು," ಎಂದಿತು ಅವರ ಬಾಯಿ. "ಎದುರು ಕಡೆಯವರ ಜೊತೆ ಒಳಗೊಳಗೇ ಕೈಜೋಡಿಸಿ, ನನ್ನನ್ನೇ ನಂಬಿದ್ದ ವಿಧವೆಯನ್ನು ಬೀದಿಗೆ ತಂದೆ."

ತುಟಿ ಕಚ್ಚಿದರು. ರಕ್ತ ಬಂತು. ಮಾತು ನಿಲ್ಲಲಿಲ್ಲ.

ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ಜೂನಿಯರ್ ನಿಂತಿದ್ದ. ಕಂಕುಳಲ್ಲಿ ಮಡಕೆ. ಅದರ ಬಾಯಿಗೆ ಬಿಗಿದಿದ್ದದ್ದು ವಕೀಲರದೇ ಬಿಳಿ ಕೊರಳಪಟ್ಟಿ. ಮುಂದಿನ ಸಾಲಿನ ಮುಖಂಡರೊಬ್ಬರು ಅವನತ್ತ ನೋಡಿ ಮೆಲ್ಲನೆ ತಲೆಯಾಡಿಸಿದರು. ವಕೀಲರಿಗೆ ಅರ್ಥವಾಯಿತು. ಟಿಕೆಟ್ಟು ಯಾರದೆಂದು ಆಗಲೇ ತೀರ್ಮಾನವಾಗಿತ್ತು. ನನ್ನ ಹುಡುಗ. ನಾನೇ ಬೆಳೆಸಿದ ಹುಡುಗ!

ಅಷ್ಟರಲ್ಲಿ ಹೆಂಡತಿ ನುಗ್ಗಿ ಬಂದಳು. ಅವನ ಕೈಯಿಂದ ಮಡಕೆ ಕಿತ್ತುಕೊಂಡಳು. ನೆಲಕ್ಕೆ ಅಪ್ಪಳಿಸಲು ತಲೆಯ ಮೇಲೆತ್ತಿದಳು. ಒಡೆದುಬಿಡು. ಮೂಗನಾದರೂ ಚಿಂತೆಯಿಲ್ಲ. ಒಡಿ. ವಕೀಲರು ಕಣ್ಣಲ್ಲೇ ಅಂಗಲಾಚಿದರು. ಉಳಿದದ್ದು ಅವಳ ಕಿವಿಗೆ ಬೀಳಬಾರದು.

ಅವರ ಬಾಯಿ ಮತ್ತೆ ತೆರೆಯಿತು.

"ನನ್ನ ಮಾವನಿಗೆ ಹುಚ್ಚು ಹಿಡಿದಿರಲಿಲ್ಲ. ಅವರ ಮನೆ ನನಗೆ ಬೇಕಿತ್ತು. ವೈದ್ಯನಿಂದ ಸುಳ್ಳು ಬರೆಸಿದೆ. ಬೀಗ ಹಾಕಿದ ಕೋಣೆಯಲ್ಲಿ ಮಗಳ ಹೆಸರು ಕೂಗುತ್ತಲೇ ಸತ್ತರು. ಅವಳಿಗೆ ನಾನು ತಿಳಿಸಲಿಲ್ಲ."

ಹೆಂಡತಿಯ ಕೈ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಇಳಿಯಿತು. ಮಡಕೆಯನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ಅಲ್ಲೇ ಕುರ್ಚಿ ಎಳೆದು ಕೂತಳು. ಕಿತ್ತುಕೊಳ್ಳುವಾಗ ಸಡಿಲವಾಗಿದ್ದ ಕೊರಳಪಟ್ಟಿಯ ಗಂಟನ್ನು ಮತ್ತಷ್ಟು ಬಿಗಿದಳು.

"ಹೇಳಿ," ಎಂದಳು. "ಅಪ್ಪ ಇನ್ನೂ ಏನೇನು ಕೂಗಿದ್ರು?"