ಒಡೆಯದ ಗಾಜಿನ ಮೇಲೊಂದು ದೂರು

ಗಾಜು ಒಡೆದರು ಎಂಬ ದೂರು ಯಾವ ಠಾಣೆಗೂ ಹೊಸದಲ್ಲ. ಗಾಜು ಒಡೆದಿಲ್ಲ ಎಂಬ ದೂರು ಬಂದದ್ದು ಮಾತ್ರ ಅದೇ ಮೊದಲು. ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಸರ್ಕಾರಿ ಕಟ್ಟಡಗಳ ಎಂಜಿನಿಯರ್ ಬಂದರು. ಕೊಟ್ಟ ಕುರ್ಚಿಯಲ್ಲಿ ಕೂರದೆ, ನಿಂತೇ ವಿಷಯ ಹೇಳಿದರು. ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಹೇಳಿಸಿಕೊಂಡರು.

ಊರಿನ ಮೇಲಿನ ಗುಡ್ಡದಲ್ಲಿ ಆಸ್ಪತ್ರೆ ಕಟ್ಟಬೇಕು. ಅದಕ್ಕೆ ಇಳಿಜಾರನ್ನು ಕಡಿದು ಮಟ್ಟ ಮಾಡಬೇಕು. ಅಷ್ಟು ಕಡಿದಾದ ನೆಲಕ್ಕೆ ಗುದ್ದಲಿ ಹಾಕಲು ಇಳಿಜಾರು ಸಮಿತಿಯ ಅನುಮತಿ ಬೇಕು. ಗುಡ್ಡದ ಬುಡದ ಹಳೆಯ ಕಲ್ಲುಗೋಡೆ ಬಿರುಕು ಬಿಟ್ಟಿದ್ದರಿಂದ ಸಮಿತಿ ಒಂದು ಷರತ್ತು ಹಾಕಿತ್ತು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು, ಎರಡು ತುದಿಯನ್ನೂ ಗಾರೆಯಲ್ಲಿ ಕೂರಿಸಬೇಕು. ಗುಡ್ಡ ಕೂದಲೆಳೆಯಷ್ಟು ಜರುಗಿದರೂ ಗಾಜು ಚಟ್ಟೆನ್ನುತ್ತದೆ. ಗುರುವಾರದ ಸಭೆಯವರೆಗೆ ಗಾಜು ಉಳಿದರೆ ಅನುಮತಿ, ಇಲ್ಲವಾದರೆ ಆಸ್ಪತ್ರೆ ಹೊಳೆಯಾಚೆಯ ಊರಿನ ಪಾಲು.

“ಒಡೆದಿದ್ರೆ ಒಡೆದಿದೆ ಅಂತ ವರದಿ ಕೊಡ್ತಿದ್ದೆ,” ಎಂದರು ಎಂಜಿನಿಯರ್. “ಒಡೆದಿಲ್ಲ. ಆದ್ರೆ ಅದು ನಾನು ಹಾಕಿದ ಗಾಜಲ್ಲ. ನಂದು ದಪ್ಪ, ಇದು ತೆಳು.”

“ಅಂದ್ರೆ?”

“ಗುಡ್ಡ ಜರುಗ್ತಾ ಇದೆ. ಯಾರೋ ಮುಚ್ಚಿಡ್ತಾ ಇದ್ದಾರೆ. ಗೋಡೆ ಕೆಳಗೆ ಆರು ಮನೆ ಇವೆ.”

ಅಲ್ಲಿಂದಾಚೆಗೆ ಇನ್ಸ್‌ಪೆಕ್ಟರ್‌ಗೆ ಕುರ್ಚಿ ಮುಳ್ಳಾಯಿತು. ಯಾವ ಕಲಂ ಹಾಕುವುದೆಂದು ಠಾಣೆಯ ಬರಹಗಾರ ತಲೆ ಕೆರೆದುಕೊಳ್ಳುತ್ತಿದ್ದರೆ, ಮೊದಲು ಎಫ್‌ಐಆರ್ ಹಾಕು, ತಲೆ ಆಮೇಲೆ ಕೆರ್ಕೊ ಎಂದು ಗದರಿ ಜೀಪು ಹತ್ತಿದರು. ಗೋಡೆಯ ಕೆಳಗಿನವರಿಗೆ ಮನೆ ಖಾಲಿ ಮಾಡಿ ಎಂದರೆ ಒಬ್ಬರೂ ಜಗ್ಗಲಿಲ್ಲ. ಗಾಜು ಗಟ್ಟಿಯಾಗಿದೆಯಲ್ಲ ಸಾರ್, ಎಂದು ಅದೇ ಸುಳ್ಳು ಗಾಜನ್ನು ತೋರಿಸಿದರು. ಒಬ್ಬಾಕೆಯಂತೂ ಅದರ ಪಕ್ಕದಲ್ಲೇ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಹಾಕಿದ್ದಳು. ಇನ್ಸ್‌ಪೆಕ್ಟರ್‌ಗೆ ಭಯವಾದದ್ದು ಆಗ.

ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ದಫೇದಾರ ಉಳಿಯಿಂದ ಆ ಗಾಜಿನ ಪಟ್ಟಿಯನ್ನು ಎಬ್ಬಿಸಿದ. ಅದರಡಿ ಇದ್ದದ್ದು ಸಿಮೆಂಟಲ್ಲ, ಹಿಟ್ಟಿನಂತಹ ಬಿಳಿ ಪುಡಿಗಾರೆ. ಮುರಿದಾಗ ಒಳಗಿಂದ ತೆಳ್ಳನೆಯ ಜಾಳು ಬಟ್ಟೆಯ ಎಳೆಗಳು ಹೊರಬಂದವು. ಅಂಚನ್ನೆಲ್ಲ ಯಾರೋ ಹೆಬ್ಬೆರಳಿನಿಂದ ಒತ್ತಿ, ಎಲ್ಲೂ ಚುಚ್ಚದಂತೆ ನುಣ್ಣಗೆ ಮಡಿಸಿದ್ದರು. ಗೋಡೆಗೆ ಚುಚ್ಚಿದರೇನು, ಬಿಟ್ಟರೇನು? ದಫೇದಾರ ಆ ಅಂಚನ್ನು ಒಮ್ಮೆ ಸವರಿ, ತನ್ನ ಎಡಗೈಯನ್ನು ಬೆನ್ನ ಹಿಂದಕ್ಕೆ ಒಯ್ದುಕೊಂಡ. ಮಾತಿನ ಮಲ್ಲನಾದ ಅವನು ಆಮೇಲೆ ಬಾಯಿಗೆ ಬೀಗ ಹಾಕಿಕೊಂಡದ್ದನ್ನು ಇನ್ಸ್‌ಪೆಕ್ಟರ್ ಗಮನಿಸಿದರು, ಆದರೆ ಆಗ ಕೆದಕಲಿಲ್ಲ.

ಮೊದಲ ಸಂಶಯ ಸಹಜವಾಗಿಯೇ ಗುತ್ತಿಗೆದಾರನ ಮೇಲೆ. ಅವನನ್ನು ಮೂರು ಗಂಟೆಗೆ ಕರೆಸಿದರು. ಅವನು ಹೆದರಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಹೊಳೆಯಾಚೆ ಕಟ್ಟಿದರೂ ಕೆಲಸ ತನ್ನದೇ, ಅಲ್ಲಿ ಸಮತಟ್ಟು ನೆಲ, ತನಗೆ ತಲೆನೋವು ಕಡಿಮೆ ಎಂದ. ಅನುಮತಿ ಸಿಗದಿರಲಿ ಎಂದು ಹರಕೆ ಹೊರುವುದೊಂದೇ ಬಾಕಿ ಎಂದೂ ಸೇರಿಸಿದ. ವಿಚಾರಿಸಿದರೆ ಮಾತು ನಿಜವಾಗಿತ್ತು. ಇನ್ಸ್‌ಪೆಕ್ಟರ್ ವರಾಂಡದಲ್ಲಿ ನಾಲ್ಕು ಸಲ ಶತಪಥ ಹಾಕಿ ದಫೇದಾರನ ಮುಂದೆ ನಿಂತರು.

“ಏನು ಗೊತ್ತು ನಿನಗೆ?”

“ಏನಿಲ್ಲ ಸಾರ್.”

“ಮಧ್ಯಾಹ್ನದಿಂದ ಆ ಕೈ ಯಾಕೆ ಬಚ್ಚಿಡ್ತಿದ್ದೀಯ?”

ದಫೇದಾರ ಎಡಗೈಯನ್ನು ಮೇಜಿನ ಮೇಲಿಟ್ಟ. ಎರಡು ವರ್ಷದ ಹಿಂದೆ ಮೂಳೆ ಮುರಿದಿತ್ತು. ಊರಿನ ಚಿಕಿತ್ಸಾಲಯದಲ್ಲಿ ಪ್ಲಾಸ್ಟರ್ ಪಟ್ಟಿ ಹಾಕಿದ್ದರು. “ಅದೇ ಬಿಳಿ ಪುಡಿ ಮೆತ್ತಿದ ಜಾಳು ಬಟ್ಟೆ ನೆನೆಸಿ ಸುತ್ತಿ, ಚರ್ಮ ತರಚಬಾರ್ದು ಅಂತ ಅಂಚನ್ನ ಹೀಗೇ ಮಡಿಸ್ತಾರೆ ಸಾರ್. ಹಾಗೆ ಮಡಿಸೋರು ಊರಲ್ಲಿ ಒಬ್ಬರೇ,” ಎಂದವನು ಹೆಸರು ಹೇಳದೆ ಕಣ್ಣೊರೆಸಿಕೊಂಡ. ಹೇಳಬೇಕಾಗಿಯೂ ಇರಲಿಲ್ಲ. ಚಿಕಿತ್ಸಾಲಯದ ಹಿರಿಯ ನರ್ಸ್ ಇಡೀ ಊರಿಗೆ ದೊಡ್ಡಕ್ಕ. ಅರ್ಧ ಊರು ಹುಟ್ಟಿದ್ದೇ ಅವರ ಕೈಯಲ್ಲಿ. ಅವರ ಮನೆಯೂ ಆ ಗೋಡೆಯ ಕೆಳಗೇ ಇತ್ತು.

ಚಿಕಿತ್ಸಾಲಯವೆಂದರೆ ಎರಡು ಕೋಣೆ, ಒಂದು ಬೆಂಚು. ಮಹಿಳಾ ಕಾನ್‌ಸ್ಟೇಬಲ್ ಜೊತೆ ಇನ್ಸ್‌ಪೆಕ್ಟರ್ ಹೋದಾಗ ದೊಡ್ಡಕ್ಕ ಒಬ್ಬ ಮುದುಕನ ಕಾಲಿನ ಹುಣ್ಣು ತೊಳೆಯುತ್ತಿದ್ದರು. ಕೈಸನ್ನೆಯಲ್ಲೇ ನಿಲ್ಲಿಸಿದರು, ಇವರೂ ನಿಂತರು. ಔಷಧಿ ಬೀರುವಿನ ಎರಡು ಬಾಗಿಲಿಗೂ ಗಾಜಿರಲಿಲ್ಲ, ಆ ಜಾಗದಲ್ಲಿ ರಟ್ಟು ಅಂಟಿಸಿತ್ತು. ಮುದುಕ ಹೋದ ಮೇಲೆ ಇನ್ಸ್‌ಪೆಕ್ಟರ್ ರಟ್ಟಿನ ಕಡೆ ನೋಡಿದರು. ದೊಡ್ಡಕ್ಕನೂ ನೋಡಿದರು.

“ಎಷ್ಟು ಸಲ ಬದಲಾಯಿಸಿದ್ರಿ?”

“ನಾಲ್ಕು.”

“ಅಂದ್ರೆ ನಾಲ್ಕು ಸಲ ಒಡೀತು. ಗುಡ್ಡ ಬರ್ತಾ ಇದೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿದ್ದೋರು ಯಾರೂ ಇಲ್ಲ.”

“ಗುಡ್ಡ ಬೀಳುತ್ತೋ ಇಲ್ವೋ ನಾ ಕಾಣೆ. ಜಿಲ್ಲಾ ಆಸ್ಪತ್ರೆಗೆ ಹೋಗೋ ಆ ರಸ್ತೇಲಿ ಜನ ಸಾಯೋದು ಕಂಡಿದ್ದೀನಿ.” ಅವರು ಸೋಪು ಹಚ್ಚಿ ಕೈ ತೊಳೆದುಕೊಳ್ಳತೊಡಗಿದರು. “ನನ್ನ ತಂಗಿ ಹೆರಿಗೆಗೆ ಹೋದವಳು, ತಿರುವಿನಲ್ಲಿ ನನ್ನ ಮಡಿಲಲ್ಲೇ ಹೋದಳು. ಏನೂ ದೊಡ್ಡ ತೊಂದರೆ ಅಲ್ಲ. ಒಂದು ಬಾಟಲಿ ರಕ್ತ, ಒಬ್ಬ ಡಾಕ್ಟರು ಇದ್ದಿದ್ರೆ ಸಾಕಿತ್ತು. ಈ ಆಸ್ಪತ್ರೆ ಕೈ ತಪ್ಪಿದ್ರೆ ನನ್ನ ಜೀವಮಾನದಲ್ಲಿ ಇನ್ನೊಂದು ಬರಲ್ಲ.”

“ಗೋಡೆ ಕೆಳಗೆ ಮಕ್ಕಳಿದ್ದಾರೆ.”

“ನನ್ನ ಮನೆಯೂ ಅಲ್ಲೇ ಇದೆ.”

“ನಿಮ್ಮ ಜೀವ ನೀವು ಒತ್ತೆ ಇಟ್ರಿ. ಅವರನ್ನ ಕೇಳಿದ್ರಾ?”

ನಲ್ಲಿ ಸುರಿಯುತ್ತಲೇ ಇತ್ತು. ಮಹಿಳಾ ಕಾನ್‌ಸ್ಟೇಬಲ್ ಹೋಗಿ ನಿಲ್ಲಿಸಿದಳು. ದೊಡ್ಡಕ್ಕ ರೋಗಿಗಳ ಬೆಂಚಿನ ಮೇಲೆ ಕುಳಿತರು. ಪೊಲೀಸರು ಹೇಳಿದರೆ ಆ ಜನ ಎದ್ದು ಬರುವುದಿಲ್ಲ, ತಾನೇ ಹೇಳಬೇಕು, ಅಷ್ಟು ಮಾಡಲು ಬಿಡಿ ಎಂದರು. ಸಂಜೆ ಐದಕ್ಕೆ ಬಂಧನದ ದಾಖಲೆಗೆ ಸಹಿಯಾಯಿತು. ಐದೂವರೆಗೆ ಆರೋಪಿಯೇ ಪೊಲೀಸರ ಮುಂದೆ ನಡೆದು ಮನೆಮನೆಯ ಬಾಗಿಲು ತಟ್ಟಿದರು. ಗಾಜು ಹಾಕಿದ್ದು ನಾನೇ, ಅದು ಸುಳ್ಳು, ಏಳಿ ಎಂದರು. ಯಾರೂ ಬಯ್ಯಲಿಲ್ಲ. ಬಟ್ಟೆ ಒಣಹಾಕಿದ್ದ ತಾಯಿ ಮಾತ್ರ ಮಗುವನ್ನು ಎದೆಗೊತ್ತಿಕೊಂಡು, ಇವರ ಮುಖ ನೋಡದೆ ಹೊರಟುಹೋದಳು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು. ಕತ್ತಲಾಗುವುದರೊಳಗೆ ಆರೂ ಮನೆ ಖಾಲಿಯಾದವು.

ಮಂಗಳವಾರ ಬೆಳಿಗ್ಗೆ ಆರೋಪಿಯನ್ನು ಜಿಲ್ಲಾ ನ್ಯಾಯಾಲಯಕ್ಕೆ ಹಾಜರುಪಡಿಸಬೇಕಿತ್ತು. ಇರುವುದು ಜಿಲ್ಲಾ ಆಸ್ಪತ್ರೆಗೆ ಹೋಗುವ ಅದೇ ರಸ್ತೆ. ಹೊರಡುವ ಹೊತ್ತಿಗೆ ನಾಲ್ಕು ಜನ ಒಂದು ಬಾಗಿಲನ್ನೇ ಮಂಚ ಮಾಡಿ ಒಬ್ಬನನ್ನು ಹೊತ್ತು ತಂದರು. ಖಾಲಿ ಮಾಡಿದ ಮನೆಯಲ್ಲಿ ಉಳಿದಿದ್ದ ಬೀರು ಇಳಿಸುವಾಗ ಮೆಟ್ಟಿಲಿನಿಂದ ಜಾರಿ ಅವನ ತೊಡೆ ಮುರಿದಿತ್ತು. ಆಂಬುಲೆನ್ಸ್ ಬೇರೆ ರೋಗಿಯನ್ನು ಕರೆದೊಯ್ದಿತ್ತು. ಆರೋಪಿಯ ಜೀಪಿನಲ್ಲಿ ಬೇರೆಯವರನ್ನು ಕೂರಿಸುವಂತಿಲ್ಲ ಎಂದು ಬರಹಗಾರ ನೆನಪಿಸಿದ. ಇನ್ಸ್‌ಪೆಕ್ಟರ್ ಅವನನ್ನೊಮ್ಮೆ ನೋಡಿ, ಹಿಂದಿನ ಬಾಗಿಲು ತಾವೇ ತೆರೆದರು.

ದೊಡ್ಡಕ್ಕ ಎರಡು ಲಾಠಿ ಕೇಳಿ ಪಡೆದರು. ಮಹಿಳಾ ಕಾನ್‌ಸ್ಟೇಬಲ್ ತನ್ನ ಚೀಲದಿಂದ ತೆಗೆದುಕೊಟ್ಟ ದುಪಟ್ಟಾ ಹರಿದು, ಲಾಠಿಗಳನ್ನು ಕಾಲಿನ ಎರಡು ಬದಿಗಿಟ್ಟು ಕಟ್ಟಿದರು. ಆಮೇಲೆ ಜೀಪಿನ ನೆಲದ ಮೇಲೆ ಕುಳಿತು, ಅವನ ಕಾಲನ್ನು ಮಡಿಲಿಗೆಳೆದುಕೊಂಡು ಎರಡೂ ಕೈಯಲ್ಲಿ ಹಿಡಿದರು. ಗುಂಡಿ ಬಂದಾಗಲೆಲ್ಲ ಅವನು ಕೂಗುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಕೂಗು ನರಳಾಟವಾಯಿತು, ಆಮೇಲೆ ಅದೂ ಸಣ್ಣದಾಗುತ್ತ ಬಂತು. ಮುಂದೆ ಕುಳಿತ ಇನ್ಸ್‌ಪೆಕ್ಟರ್‌ಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

“ಇದ್ದಾನಾ?” ಎಂದು ಕೇಳಿದರು.

“ಇದ್ದಾನೆ,” ಎಂದರು ದೊಡ್ಡಕ್ಕ. “ಇನ್ನೂ ಅರ್ಧ ದಾರಿ ಇದೆ. ಬೇಗ ಹೋಗಿ.”