ನಾಲ್ಕು ಮಂತ್ರಗಳಷ್ಟು ಜಾಗ

ಭಾರ್ಗವನ ಹಣೆಯ ಮೇಲಿದ್ದ ಮತಿವರ್ಧಕದ ಪಟ್ಟಿ ಮೆಲ್ಲಗೆ ಬೆಚ್ಚಗಾಯಿತು. ದಾಳ ಎಸೆದು ಕತೆ ಕಟ್ಟುವ ಮೇಜಿನ ಮೇಲಿನ ಆಟದಲ್ಲಿ ಅವನ ಪಾತ್ರವಾದ ಮಾಂತ್ರಿಕ ಆಗಷ್ಟೇ ನಾಲ್ಕನೆಯ ಹಂತಕ್ಕೇರಿದ್ದ. ಆ ಹಂತದಲ್ಲಿ ಸಿಗುವ ಎರಡು ಅಂಕಗಳನ್ನೂ ಭಾರ್ಗವ ಬುದ್ಧಿಶಕ್ತಿಗೇ ಸುರಿದಿದ್ದ. ಇನ್ನು ಮಾಂತ್ರಿಕ ದಿನವೂ ಬೆಳಗ್ಗೆ ಆರಿಸಿಕೊಳ್ಳುವ ಮಂತ್ರಗಳಲ್ಲಿ ಒಂದನ್ನು ಹೆಚ್ಚಾಗಿ ನೆನಪಿಟ್ಟುಕೊಳ್ಳಬಲ್ಲ. ಅವನ ಮಂತ್ರದಿಂದ ತಪ್ಪಿಸಿಕೊಳ್ಳುವುದು ಶತ್ರುವಿಗೆ ಇನ್ನಷ್ಟು ಕಷ್ಟ. ಹೊಸದೇನೆಂದರೆ, ಮಾಂತ್ರಿಕನಿಗೆ ಏರಿದಷ್ಟೇ ಬುದ್ಧಿ ಪಟ್ಟಿ ಕಟ್ಟಿಕೊಂಡು ಆಡುವವನಿಗೂ ಏರುತ್ತಿತ್ತು.

"ನೇರವಾಗಿ ಏರಿಸಿದ್ರೆ ಆಗಲ್ವಾ ಡಾಕ್ಟ್ರೇ? ಆಟ ಯಾಕೆ?" ಎಂದು ಅವನು ಮೊದಲೇ ಕೇಳಿದ್ದ.

"ಏರಿಸಿ ನೋಡಿದ್ವಿ. ವಾರದೊಳಗೆ ಇಳಿದುಹೋಯ್ತು," ಎಂದಿದ್ದರು ಪಟ್ಟಿಯನ್ನು ರೂಪಿಸಿದ ಡಾ. ಕುಮುದಿನಿ. "ಬಿಟ್ಟಿ ಬಂದದ್ದನ್ನ ಮಿದುಳು ಉಳಿಸಿಕೊಳ್ಳಲ್ಲ. ತಿಂಗಳುಗಟ್ಟಲೆ ಆಡಿ, ಸೋತು, ಗೆದ್ದು ಗಳಿಸಿದೆ ಅಂತ ಅದಕ್ಕೆ ನಂಬಿಕೆ ಬರ್ಬೇಕು. ಆಗ ಮಾತ್ರ ಹೊಸ ನರತಂತುಗಳು ಬೇರು ಬಿಡ್ತವೆ."

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಮಿದುಳಿಗೂ ಗೊತ್ತಿತ್ತೆಂದಾಯಿತು.

ಆಟ ನಡೆಯುತ್ತಿದ್ದದ್ದು ಭಾನುವಾರ ಮಧ್ಯಾಹ್ನ, ಅವನ ಅಕ್ಕ ಪಂಕಜಳ ಮನೆಯಲ್ಲಿ. ಭಾರ್ಗವ, ಅವನ ಸ್ನೇಹಿತರಾದ ತುಂಗಾ, ಮುನೀರ್ ಮೂವರೂ ಪಾತ್ರಧಾರಿಗಳು. ಕತೆ ಕಟ್ಟಿ ಹೇಳುವ ಸೂತ್ರಧಾರಿಣಿ ಪಂಕಜಕ್ಕ. ದಾಳ ಏನೇ ಹೇಳಲಿ, ಸೂತ್ರಧಾರಿಣಿಯ ಮಾತೇ ಕೊನೆ ಎಂಬುದು ಆ ಮೇಜಿನ ಕಟ್ಟಳೆ.

ಮುಂದಿನ ವಾರ ಪಂಕಜಕ್ಕ, "ಕೋಟೆ ಬಾಗಿಲಲ್ಲಿ ಮುದಿ ರಾಜ ನಿಂತಿದಾನೆ, ನಿಮ್ಮನ್ನೇ ಕಾಯ್ತಾ," ಎಂದಳು.

ಭಾರ್ಗವನ ಬುದ್ಧಿ ಚುರುಕಾಗಿತ್ತೇ ಹೊರತು ಬಾಯಿಗೆ ಬೀಗ ಹಾಕುವುದನ್ನು ಕಲಿತಿರಲಿಲ್ಲ. "ಆ ರಾಜನ್ನ ನೀನೇ ಸಾಯಿಸಿದೀಯ ಅಕ್ಕ. ಸೇತುವೆ ಹೆಸರೂ ಬದಲಾಗಿದೆ. ಮಂತ್ರಿಗೆ ಮಕ್ಕಳಿಲ್ಲ ಅಂದಿದ್ದೆ, ಆಮೇಲೆ ಮಗಳು ಬಂದ್ಲು," ಎಂದು ಭಾರ್ಗವ ಒಂದೇ ಉಸಿರಿಗೆ ಹೇಳಿಬಿಟ್ಟ.

ಪಂಕಜಕ್ಕ ಕೈಯಲ್ಲಿದ್ದ ದಾಳವನ್ನು ಎಸೆಯಲಿಲ್ಲ. ಎದ್ದು ಒಳಗೆ ಹೋದಳು.

"ನಮಗೆ ಆಗ್ಲೇ ಗೊತ್ತಿತ್ತು," ಎಂದ ಮುನೀರ್, ತಲೆ ತಗ್ಗಿಸಿ. "ಅಕ್ಕನಿಗೆ ಮರೆವಿನ ಕಾಯಿಲೆ. ಗೊತ್ತಾದ್ರೆ ನೀನು ಆಟ ನಿಲ್ಲಿಸಿಬಿಡ್ತೀಯ ಅಂತ ಅವರಿಗೆ ಭಯ. ಅವರು ತಪ್ಪಿದಲ್ಲೆಲ್ಲ ನಾನೂ ತುಂಗಾನೂ ಕತೆಗೆ ತೇಪೆ ಹಾಕ್ತಿದ್ವಿ."

ಭಾರ್ಗವನಿಗೆ ತಲೆಯೆತ್ತಲಾಗದಷ್ಟು ನಾಚಿಕೆಯಾಯಿತು. ಆ ಮೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬುದ್ಧಿ ಅವನದು. ಎಲ್ಲರಿಗಿಂತ ಕೊನೆಗೆ ತಿಳಿದದ್ದೂ ಅವನಿಗೇ.

ಮರುದಿನವೇ ಕುಮುದಿನಿಯವರ ಮುಂದೆ ಹೋಗಿ ಕೂತ. "ನನ್ನ ಎರಡು ಅಂಕ ತೆಗೆದು ಅಕ್ಕನಿಗೆ ಕೊಡಿ."

"ಆಗಲ್ಲ ಭಾರ್ಗವ. ಅವರವರದ್ದನ್ನ ಅವರವರೇ ಗಳಿಸ್ಬೇಕು." ಕುಮುದಿನಿ ಆಟದ ನಿಯಮಗಳ ಹಾಳೆಯನ್ನು ತಿರುವಿದರು. "ಕತೆ ಹೇಳೋರಿಗೆ ಅಂಕಗಳೇ ಇಲ್ಲ, ನೋಡಿ. ನಿಮ್ಮನ್ನೆಲ್ಲ ಮೇಲಕ್ಕೇರಿಸಿದ್ದು ಅವರು, ಅವರಿಗೇ ಒಂದು ಪಾತ್ರ ಇಲ್ಲ. ನಾನು ಅದನ್ನ ಯೋಚಿಸಿಯೇ ಇರಲಿಲ್ಲ. ಅವರನ್ನೂ ಆಟಕ್ಕೆ ಕೂರಿಸಿ ನೋಡಿ."

ಮುಂದಿನ ಭಾನುವಾರ ಭಾರ್ಗವ ಸೂತ್ರಧಾರನಾಗಿ ಅಕ್ಕನ ಕುರ್ಚಿಯಲ್ಲಿ ಕೂತ. ಪಟ್ಟಿ ಈಗ ಅಕ್ಕನ ಹಣೆಯ ಮೇಲಿತ್ತು. ಅವಳ ಪಾತ್ರ ಒಬ್ಬ ಮಾಂತ್ರಿಕೆ, ಇನ್ನೂ ಮೊದಲನೆಯ ಹಂತ. ಅಂಕ ಸಿಗುವ ನಾಲ್ಕನೆಯದನ್ನು ಮುಟ್ಟಲು ತಿಂಗಳುಗಳೇ ಬೇಕು. ಮರೆವು ಅಲ್ಲಿಯವರೆಗೆ ಕಾಯುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಭಾರ್ಗವನಿಗೆ ಹೆದರಿಕೆಯಾಗಿತ್ತು. ಕತೆ ಹೇಳಿ ಅಭ್ಯಾಸವೂ ಇರಲಿಲ್ಲ.

"ಬೆಳಗಾಯ್ತು ಅಕ್ಕ," ಎಂದು ಶುರುಮಾಡಿದ. "ನಿನ್ನ ಬುದ್ಧಿಗೆ ಇವತ್ತು ನಾಲ್ಕು ಮಂತ್ರಗಳಷ್ಟು ಜಾಗ ಇದೆ. ಯಾವುದನ್ನ ನೆನಪಲ್ಲಿ ಇಟ್ಕೋತೀಯ?"

ಪಂಕಜಕ್ಕ ಮೇಜಿನ ಸುತ್ತ ಒಬ್ಬೊಬ್ಬರನ್ನೇ ನೋಡಿದಳು.

"ಮುನೀರ್. ತುಂಗಾ." ತುಸು ತಡೆದಳು. "ಭಾರ್ಗವ."

ಅವು ಮಂತ್ರಗಳಲ್ಲ ಎಂದು ಯಾರೂ ತಿದ್ದಲಿಲ್ಲ. ಈಗ ಸೂತ್ರಧಾರ ಭಾರ್ಗವನೇ, ಅವನ ಮಾತೇ ಕೊನೆಯಲ್ಲವೇ?

"ಆಗ್ಲಿ," ಎಂದ. "ಇನ್ನೊಂದು ಉಳೀತು."

"ದೀಪ ಹಚ್ಚೋ ಮಂತ್ರ ಇರ್ಲಿ," ಎಂದಳು ಅಕ್ಕ. "ಕತ್ತಲಾದ್ರೆ ನಿಮ್ಮ ಮುಖ ಕಾಣ್ಬೇಕಲ್ಲ."